ಮೊಳೆಗೆ ಚುಚ್ಚಿದ ಚೀಟಿ

ಮಾರ್ಚ್ 2

ಮಗಳಿಗೆ,

ಕಾಗದ ಬರೆಯುವ ಕೆಲಸ ನನಗೆ ಹಚ್ಚಬೇಡ ಅಂತ ಎಷ್ಟು ಸಲ ಹೇಳಿದ್ದೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕಲ್ಲಿನ ಮೇಲೆ ಕೆತ್ತು ಅಂದರೆ ಕೆತ್ತುತ್ತೇನೆ. ಅಲ್ಲಿ ಒಂದು ಹೆಸರು, ಎರಡು ತಾರೀಖು, ಅಷ್ಟಕ್ಕೆ ಮುಗಿಯಿತು. ಈ ಕಾಗದಕ್ಕೆ ತಳವೇ ಇಲ್ಲ. ಪೆನ್ನು ಬೇರೆ ಬೆರಳಲ್ಲಿ ನಿಲ್ಲುವುದಿಲ್ಲ, ತೀರಾ ಹಗುರ. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ, ಉತ್ತರ ಬರೆದೇ ಕಳಿಸಿ ಅಂತ ನೀನು ಹಟ ಹಿಡಿದಿದ್ದೀಯ. ಐವತ್ತು ವರ್ಷ ಸುತ್ತಿಗೆ ಸದ್ದಿನಲ್ಲಿ ನಿಂತವನ ಕಿವಿ ಇನ್ನು ಹೇಗಿರಬೇಕು?

ಹೆಣ್ಣು ಮಗು, ಮೂರು ಕಿಲೋಗೆ ಸ್ವಲ್ಪ ಕಡಿಮೆ, ನೀನು ಹುಷಾರಾಗಿದ್ದೀಯ. ಒಳ್ಳೆಯದು. ಮೂವತ್ತೊಂಬತ್ತಕ್ಕೆ ಮೊದಲ ಹೆರಿಗೆ ಅಂತ ನಿನ್ನ ಚಿಕ್ಕಪ್ಪ ಹೆದರಿಕೊಂಡಿದ್ದ. ನಾನು ಹೆದರಲಿಲ್ಲ. ಯಾಕೆ ಅಂತ ಗೊತ್ತಿಲ್ಲ.

ಮಗುವಿಗೆ ನಿನ್ನ ತಂಗಿಯ ಹೆಸರು ಇಡುತ್ತೇನೆ ಅಂತ ಬರೆದಿದ್ದೀಯ. ಆ ಹೆಸರನ್ನು ಶಾಲೆಯ ದಾಖಲೆಯಲ್ಲಿ ಇದ್ದ ಹಾಗೆ ಕೊನೆಯ ಅಕ್ಷರ ಗಿಡ್ಡ ಮಾಡಿ ಬರೆಯಲೋ, ಅವಳ ಸಮಾಧಿ ಕಲ್ಲಿನ ಮೇಲೆ ನಾನು ಕೆತ್ತಿದ ಹಾಗೆ ದೀರ್ಘ ಎಳೆದು ಬರೆಯಲೋ ಅಂತ ಕೇಳಿದ್ದೀಯ. ಮಗು ನಿನ್ನದು. ಹೆತ್ತವಳು ನೀನು. ಅದರಲ್ಲಿ ನನ್ನನ್ನು ಯಾಕೆ ಎಳೆಯುತ್ತೀಯ? ಹೆಸರನ್ನು ನಾನು ಇಲ್ಲಿ ಬರೆಯುವುದೂ ಇಲ್ಲ. ಹೇಗೆ ಬರೆದರೂ ಒಂದು ಕಡೆಗೆ ಮತ ಹಾಕಿದ ಹಾಗಾಗುತ್ತದೆ. ಮನೆಯಲ್ಲಿ ಅವಳನ್ನು ಗಿಡ್ಡಿ ಅನ್ನುತ್ತಿದ್ದೆವು, ಗಿಡ್ಡಿ ಅಂತಲೇ ಇರಲಿ.

ಅಂಗಡಿ ಈಗ ಪೂರ್ತಿ ನಿನ್ನ ಚಿಕ್ಕಪ್ಪನದು. ನಾನು ಬೆಳಿಗ್ಗೆ ಹೋಗಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುತ್ತೇನೆ, ಅವನ ಕೆಲಸದಲ್ಲಿ ತಪ್ಪು ಹುಡುಕುತ್ತೇನೆ, ಮಧ್ಯಾಹ್ನ ವಾಪಸ್ ಬರುತ್ತೇನೆ. "ಅಣ್ಣಾ, ಹೀಗೇ ಅಲ್ಲಾಡದೆ ಕೂತಿದ್ರೆ ಗಿರಾಕಿಗಳು ನಿನ್ನನ್ನೂ ಸ್ಯಾಂಪಲ್ ಕಲ್ಲು ಅಂದ್ಕೊಂಡು ಅಳತೆ ಕೇಳ್ತಾರೆ ನೋಡು" ಅಂತಾನೆ. ಅವನ ಬಾಯಿಗೆ ಒಂದು ಬೀಗ ಮಾಡಿಸಬೇಕು.

ಬಲಗೈ ನಡುಗುವುದು ಹಾಗೇ ಇದೆ. ಉಳಿ ಹಿಡಿದಾಗ ನಿಲ್ಲುತ್ತದೆ, ಚಮಚ ಹಿಡಿದಾಗ ಶುರುವಾಗುತ್ತದೆ.

ಅಪ್ಪ

*

ಮಾರ್ಚ್ 6

ಅಪ್ಪನಿಗೆ ನಮಸ್ಕಾರ,

ನಿಮ್ಮ ಕಾಗದ ಬಂತು. ಬೈಗುಳದಿಂದಲೇ ಶುರುವಾಗಿದ್ದರಿಂದ ನೀವೇ ಬರೆದದ್ದು ಅಂತ ಖಾತ್ರಿಯಾಯಿತು.

ಹೆಸರಿನ ವಿಷಯ ನಿಮಗೆ ಬಿಟ್ಟು ಕೈತೊಳೆದುಕೊಳ್ಳಬೇಕು ಅಂತ ಕೇಳಿದ್ದಲ್ಲ. ಆಸ್ಪತ್ರೆಯವರು ಒಂದು ಅರ್ಜಿ ಕೊಟ್ಟಿದ್ದಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ. ಈ ತಿಂಗಳ ಮೂವತ್ತರೊಳಗೆ ತುಂಬಿ ನೋಂದಣಿ ಕಚೇರಿಗೆ ಕೊಡಬೇಕು. ಆಮೇಲೆ ತಿದ್ದಿಸಬೇಕಾದರೆ ಆರು ತಿಂಗಳು ಅಲೆಸುತ್ತಾರಂತೆ. ಅರ್ಜಿ ಮೇಜಿನ ಮೇಲೆ ಹಾಲಿನ ಬಾಟಲಿ ಪಕ್ಕದಲ್ಲಿದೆ. ಕೊನೆಯ ಚೌಕ ಒಂದು ಬಿಟ್ಟು ಉಳಿದದ್ದೆಲ್ಲ ಪೆನ್ಸಿಲಿನಲ್ಲಿ ತುಂಬಿದ್ದೇನೆ. "ಕೂಗೋಕೆ ಎರಡೂ ಒಂದೇ ಥರ ಇದೆಯಲ್ಲೇ, ಇದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ?" ಅಂತಾರೆ ನಿಮ್ಮ ಅಳಿಯ. ಅವರಿಗೆ ಆ ಕಲ್ಲಿನ ವಿಷಯ ಗೊತ್ತಿಲ್ಲ. ನಾನು ಹೇಳಿಲ್ಲ.

ಸರಿಯಾದದ್ದನ್ನೇ ಬರೆಯೋಣ ಅಂತ ನನಗೂ ಅನಿಸುತ್ತದೆ. ನನ್ನ ಕೆಲಸ ನಿಮಗೆ ಗೊತ್ತಲ್ಲ. ಔಷಧಿ ಕಾರ್ಖಾನೆಯಲ್ಲಿ ಬಾಟಲಿಗೆ ಅಂಟಿಸುವ ಲೇಬಲ್ ನೋಡುವುದು. ಒಂದು ಅಕ್ಷರ ಹೆಚ್ಚು ಕಡಿಮೆಯಾಗಿದ್ದರೆ ಇಡೀ ಪೆಟ್ಟಿಗೆ ವಾಪಸ್. ಹದಿನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ ತಪ್ಪು ಅಕ್ಷರ ಕಂಡರೆ ಕಣ್ಣಿಗೆ ಮಣ್ಣು ಬಿದ್ದ ಹಾಗಾಗುತ್ತದೆ. ಆದರೆ ಸರಿಯಾಗಿ ಬರೆದರೆ, ಮುಂದೆ ಎಂದಾದರೂ ಮಗುವನ್ನು ಕರೆದುಕೊಂಡು ಅಲ್ಲಿಗೆ ಬಂದಾಗ ನಿಮಗೆ ನೋವಾಗುತ್ತದೋ ಏನೋ ಅಂತ ಒಂದು ಅಳುಕು. ಅದಕ್ಕೇ ಕೇಳಿದೆ.

ಅಪ್ಪ, ಯಾರೂ ನಿಮ್ಮನ್ನು ಏನೂ ಅಂದಿಲ್ಲ. ಆ ದಿನಗಳಲ್ಲಿ ಯಾರ ಕೈ ತಾನೇ ಸ್ಥಿಮಿತದಲ್ಲಿತ್ತು?

ಮಗು ಹಗಲೆಲ್ಲ ಮಲಗುತ್ತದೆ. ನಾನು ಕಿಟಕಿ ಹತ್ತಿರ ಕೂತಿರುತ್ತೇನೆ. ಎದುರಿನ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದಾರೆ. ಖುಷಿಯಾಗಿದ್ದೀಯಾ ಅಂತ ಎಲ್ಲರೂ ಕೇಳುತ್ತಾರೆ, ಹೂಂ ಅನ್ನುತ್ತೇನೆ.

ನಿಮ್ಮ ದೊಡ್ಡ ಮಗಳು

*

ಮಾರ್ಚ್ 9

ಮಗಳಿಗೆ,

ಯಾರೂ ಏನೂ ಅಂದಿಲ್ಲ ಅಂದರೆ ಏನರ್ಥ? ಏನು ಅನ್ನಬೇಕಾಗಿತ್ತು? ಯಾರು ಅನ್ನಬೇಕಾಗಿತ್ತು?

ಸರಿಯಾದದ್ದು, ಸರಿಯಾದದ್ದು ಅಂತ ಎರಡು ಸಲ ಬರೆದಿದ್ದೀಯ. ಹಾಗಾದರೆ ಕಲ್ಲಿನ ಮೇಲಿರುವುದು ಏನು?

ಸುತ್ತಿ ಬಳಸಿ ಬರೆಯಬೇಡ. ಒಂದೇ ಸಾಲಿನಲ್ಲಿ ಬರಿ.

ಅಪ್ಪ

*

ಮಾರ್ಚ್ 13

ಅಪ್ಪ,

ಒಂದೇ ಸಾಲಿನಲ್ಲಿ ಬರೆಯಲು ಬಂದಿದ್ದರೆ ಮೂವತ್ತೊಂದು ವರ್ಷದ ಹಿಂದೆಯೇ ಬರೆಯುತ್ತಿದ್ದೆ. ನಿಮಗೆ ಕೋಪ ಬಂದಿದೆ. ಇದು ಬರುತ್ತದೆ ಅಂತ ಗೊತ್ತಿದ್ದೇ ಅಮ್ಮ ಅಷ್ಟು ವರ್ಷ ನಮ್ಮೆಲ್ಲರ ಬಾಯಿ ಕಟ್ಟಿದ್ದು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು, ಇನ್ನು ಹೇಳುತ್ತೇನೆ.

ಗಿಡ್ಡಿಗೆ ಜ್ವರ ಬಂದಾಗ ನಾನು ಅತ್ತೆ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ನಿಮ್ಮ ಕಾಗದ ಅತ್ತೆಗೆ ಬಂತು. ಅತ್ತೆ ಓದಿ, ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು, ನನಗೆ ಊಟ ಬಡಿಸಿದರು. ಊಟವಾದ ಮೇಲೆ ಹೇಳಿದರು. ನಾನು ತಟ್ಟೆ ತೊಳೆದು ಬೋರಲು ಹಾಕಿದೆ. ಅಷ್ಟೇ ನೆನಪಿರುವುದು. ಅತ್ತೆಯೋ ಬೇರೆ ಯಾರೋ "ಈ ಮಗು ಅಳ್ತಾನೇ ಇಲ್ಲ" ಅಂದರು.

ರಜಕ್ಕೆ ಬಂದಾಗ ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನನಗೆ ಎಂಟು ವರ್ಷ, ಕ್ಲಾಸಿನಲ್ಲಿ ಮೊದಲನೆಯವಳು. ಕಲ್ಲು ನೋಡಿ ಜೋರಾಗಿ ಓದಿದೆ. "ಅಮ್ಮಾ, ಕೊನೇಲಿ ದೀರ್ಘ ಬರಲ್ಲಮ್ಮ, ಅಪ್ಪ ತಪ್ಪು ಬರ್ದಿದಾರೆ" ಅಂದೆ. ಅಮ್ಮನ ಕೈ ನನ್ನ ಬಾಯಿ ಮೇಲೆ ಬಂತು. ಆ ಕೈಗೆ ಸೋಪಿನ ವಾಸನೆ ಇತ್ತು. "ಇದನ್ನ ನಿಮ್ಮಪ್ಪನ ಮುಂದೆ ಎತ್ತಬೇಡ ಕಣೇ. ಪಾಪ, ಹೆಚ್ಚು ಓದಿದವ್ರಲ್ಲ. ಮಗಳ ಹೆಸರೇ ತಪ್ಪು ಕೆತ್ತಿದೆ ಅಂತ ಗೊತ್ತಾದ್ರೆ ಇನ್ನು ಈ ಜನ್ಮದಲ್ಲಿ ಉಳಿ ಹಿಡಿಯಲ್ಲ. ಆಮೇಲೆ ನಾವೇನು ಮಾಡೋದು?"

ನಾನು ಎತ್ತಲಿಲ್ಲ. ಚಿಕ್ಕಪ್ಪನೂ ಎತ್ತಲಿಲ್ಲ. ಅತ್ತೆಯೂ ಎತ್ತಲಿಲ್ಲ. ದಿನಕ್ಕೆ ನಾಲ್ಕು ಸಾವಿರ ಲೇಬಲ್ ನೋಡಿ ತಪ್ಪಿದ್ದದ್ದನ್ನು ವಾಪಸ್ ಕಳಿಸುವ ನಾನು ಅದೊಂದನ್ನು ಮಾತ್ರ ಹಾಗೇ ಬಿಟ್ಟುಕೊಂಡು ಬಂದೆ. ಪ್ರತಿ ಸಲ ಅಲ್ಲಿಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಅವಳ ಹೆಸರಿಗಲ್ಲ, ಆ ದೀರ್ಘಕ್ಕೆ. ಬರುಬರುತ್ತಾ ಅವಳ ಮುಖ ಮರೆತೇ ಹೋಯಿತು, ಆ ದೀರ್ಘ ಉಳಿದುಕೊಂಡಿತು. ನನಗೆ ಅದು ಬೇಡ.

ಬೈಯಬೇಡಿ. ಚಿಕ್ಕಪ್ಪನಿಗೆ ಒಂದು ಕೆಲಸ ಹೇಳಿದ್ದೇನೆ. ಇಪ್ಪತ್ತೈದನೇ ತಾರೀಖು ನಿಮಗೇ ತಿಳಿಯುತ್ತದೆ. ನಿಮ್ಮ ತಲೆಯ ಮೇಲಿನ ಭಾರ ಇಳಿಯಲಿ ಅಂತ ಮಾಡಿದ್ದು. ಆಮೇಲೆ ಅರ್ಜಿಯ ಕೊನೆಯ ಚೌಕವನ್ನೂ ತುಂಬುತ್ತೇನೆ. ಎರಡೂ ಕಡೆ ಒಂದೇ ಹೆಸರು ಇರುತ್ತದೆ, ತಪ್ಪಿಲ್ಲದ್ದು.

ನಿಮ್ಮ ಮಗಳು

*

ಮಾರ್ಚ್ 18

ಮಗಳಿಗೆ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಮೊದಲ ದಿನ ಓದಿ ಡಬ್ಬಿಯಲ್ಲಿ ಹಾಕಿದೆ. ನಿನ್ನೆ ಅಂಗಡಿಗೆ ಹೋದೆ.

ನೀನು ಚಿಕ್ಕವಳಿದ್ದಾಗ ನೋಡಿದ್ದೀಯ, ಗೋಡೆಗೆ ಒಂದು ಹಲಗೆ ಇದೆ, ಅದರಲ್ಲಿ ಉದ್ದದ ಮೊಳೆ. ಗಿರಾಕಿ ಬರೆದು ಕೊಟ್ಟ ಚೀಟಿಯನ್ನು ಅದಕ್ಕೆ ಚುಚ್ಚುವುದು. ಅದು ನನ್ನ ನಿಯಮ. ಚೀಟಿ ಇಲ್ಲದೆ ಕಲ್ಲಿಗೆ ಉಳಿ ಇಡುವ ಹಾಗಿಲ್ಲ. ಚೀಟಿ ಗಿರಾಕಿಯ ಕೈಬರಹದಲ್ಲೇ ಇರಬೇಕು. ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲ. ಅವರು ಏನು ಬರೆದು ಕೊಟ್ಟರೋ ಅದೇ. ಅಕ್ಷರದ ಅಂದ ನಮ್ಮದು, ಅಕ್ಷರ ಅವರದು. ನಾನು ಹೆಚ್ಚು ಓದಿದವನಲ್ಲ ಅಂತಲೇ ಈ ನಿಯಮ ಮಾಡಿದ್ದು. ಯಾವುದು ಸರಿ ಯಾವುದು ತಪ್ಪು ಅಂತ ನಾನು ಹೇಳುವ ಹಾಗಿರಬಾರದು. ಚೀಟಿ ರದ್ದು ಮಾಡುವುದಾದರೆ ಬರೆದವರೇ ಮತ್ತೆ ಬರೆದು ಕೊಡಬೇಕು.

ಮೊಳೆಯ ಮೇಲೆ ಎಲ್ಲಕ್ಕಿಂತ ಮುಂದೆ ನಿನ್ನ ಚೀಟಿ ಇತ್ತು. ನಿನ್ನ ಕೈಬರಹ ನನಗೆ ಗೊತ್ತಾಗುವುದಿಲ್ಲವೇ? ತಂಗಿಯ ಕಲ್ಲಿನ ಮುಖ ಉಜ್ಜಿ ತೆಗೆದು ಹೆಸರನ್ನು ಸರಿಯಾಗಿ ಕೆತ್ತಬೇಕು, ಅಪ್ಪನಿಗೆ ಮೊದಲೇ ತಿಳಿಯಬಾರದು ಅಂತ. ಕೆಳಗೆ ಇಪ್ಪತ್ತೈದು ಅಂತ ತಾರೀಖು.

ನಿನ್ನ ಚಿಕ್ಕಪ್ಪನನ್ನು ಕೇಳಿದೆ. "ಇನ್ನಾದ್ರೂ ಸರಿಹೋಗ್ಲಿ ಬಿಡಣ್ಣ. ಅವತ್ತಿನ ಪರಿಸ್ಥಿತೀಲಿ ನಿಂದೇನು ತಪ್ಪು?" ಅಂದ. ನನ್ನ ಮುಖ ನೋಡದೆ ಕಿವಿ ಹತ್ತಿರ ಬಂದು ಕೂಗಿ ಹೇಳಿದ. ಬೀದಿಗೆಲ್ಲ ಕೇಳಿಸಿರಬೇಕು. ಚೀಟಿ ಹರಿದು ಹಾಕು ಅಂದೆ. "ಬರೆದವಳು ನೀನಲ್ವಲ್ಲಣ್ಣ" ಅಂದ. ಒಂದು ಚೀಟಿಯನ್ನೂ ಬಾಯಿಮಾತಿಗೆ ತೆಗೆಯಬೇಡ ಅಂತ ಅವನ ಕಿವಿ ಹಿಂಡಿ ಕಲಿಸಿದವನು ನಾನೇ.

ಆದ್ದರಿಂದ ಬರೆಯುತ್ತಿದ್ದೇನೆ. ಇದು ಮೂರನೆಯ ಹಾಳೆ, ಮೊದಲಿನ ಎರಡು ಒಲೆಗೆ ಹೋದವು.

ಗಿಡ್ಡಿ ಆ ವರ್ಷ ಶಾಲೆಗೆ ಸೇರಿದ್ದಳು. ಅಕ್ಷರ ಕಲಿತು ಮೂರು ತಿಂಗಳಾಗಿತ್ತು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಧೂಳಿನಲ್ಲಿ ಆಡುತ್ತಿದ್ದಳು. ನಿಮ್ಮಮ್ಮ ಬೈಯುತ್ತಿದ್ದಳು. ಒಂದು ದಿನ ನಿಮ್ಮಮ್ಮನ ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದು, ಬೋರಲು ಹಾಕಿದ ಪೆಟ್ಟಿಗೆ ಮೇಲೆ ಹತ್ತಿ, ಗಿರಾಕಿ ನಿಲ್ಲುವ ಕಡೆ ನಿಂತಳು.

"ಏನ್ರೀ, ಒಂದು ಕಲ್ಲು ಬೇಕಿತ್ತಲ್ಲ."

"ಯಾತಕ್ಕಮ್ಮ?"

"ಬಾಗಿಲಿಗೆ. ಅಲ್ಲಿ ಬರೀ ಅಪ್ಪಂದೇ ಹೆಸರಿದೆ. ನಂದಿಲ್ಲ."

"ಚೀಟಿ ತಂದಿದೀರಾ?"

ತಂದಿದ್ದಳು. ಆ ಕೈಚೀಲದಿಂದ ಮಡಿಸಿದ ಹಾಳೆ ತೆಗೆದು ಕೊಟ್ಟಳು. ಅವಳ ಹೆಸರು, ಅವಳೇ ಬರೆದದ್ದು. ಕೊನೆಯ ಅಕ್ಷರಕ್ಕೆ ದೀರ್ಘ ಎಳೆದಿದ್ದಳು, ಹಾಳೆಯ ಅಂಚಿನವರೆಗೂ. "ಇಷ್ಟುದ್ದ ಯಾಕಮ್ಮ?" ಅಂದೆ. "ನೀವು ಹಂಗೇ ಅಲ್ವಾ ಕರಿಯೋದು" ಅಂದಳು. ಸುತ್ತಿಗೆ ಸದ್ದಿನ ಮೇಲೆ ಕೂಗಬೇಕಲ್ಲ, ನಾನು ಎಳೆದೇ ಕೂಗುತ್ತಿದ್ದೆ. ಅವಳಿಗೆ ಅದೇ ಹೆಸರು.

ಚೀಟಿಯನ್ನು ಮೊಳೆಗೆ ಚುಚ್ಚಿದೆ. "ಮುಂದಿನ ವಾರ ಬನ್ನಿ" ಅಂದೆ. ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ. ಅವಳು ಮಾರನೇ ದಿನವೇ ಬಂದಳು. "ಆಯ್ತೇನ್ರೀ ನಮ್ಮ ಕಲ್ಲು?" ಕಲ್ಲು ಬಂದಿಲ್ಲ ಅಂದೆ. ಬಂದಿತ್ತು. ಒಂದೂವರೆ ಗೇಣಿನ ನುಣುಪು ಕಲ್ಲು, ಮೇಜಿನ ಕೆಳಗೇ ಇತ್ತು. ಬೇರೆ ಕೆಲಸ ಇತ್ತು, ಮಗುವಿನದು ಆಮೇಲೆ ಮಾಡಿದರಾಯಿತು ಅಂತ. ಹೀಗೆ ಎಂಟು ದಿನ ಬಂದಳು, ಎಂಟು ದಿನವೂ ಕಲ್ಲು ಬಂದಿಲ್ಲ ಅಂದೆ. ಒಂಬತ್ತನೆಯ ದಿನ ಜ್ವರ. ಮೂರು ದಿನ.

ಆಮೇಲೆ ದೊಡ್ಡ ಕಲ್ಲು ಕೆತ್ತಬೇಕಾಗಿ ಬಂತು. ನಿಮ್ಮಮ್ಮ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ನಿನ್ನ ಚಿಕ್ಕಪ್ಪ ಆಗ ಕಲ್ಲು ಗಣಿಯಲ್ಲಿದ್ದ. ಚೀಟಿ ಬರೆದುಕೊಡುವವರು ಯಾರೂ ಇರಲಿಲ್ಲ. ಶಾಲೆಯ ಮಾಸ್ತರರು ದಾಖಲೆಯಿಂದ ಹೆಸರು ಬರೆದು ಕಳಿಸಿದ್ದರು, ಗಿಡ್ಡ ಅಕ್ಷರದ್ದು. ಅವರು ಗಿರಾಕಿಯಲ್ಲ. ಮೊಳೆಯ ಮೇಲೆ ನೋಡಿದೆ. ಚೀಟಿ ಇತ್ತು. ಕೈಬರಹ ಇತ್ತು. ಇಳಿಸಿಕೊಂಡು ಅದರಲ್ಲಿ ಇದ್ದ ಹಾಗೆ ಕೆತ್ತಿದೆ. ಆ ದೀರ್ಘ ನನ್ನ ತಪ್ಪಲ್ಲ. ಅವಳು ಹೇಳಿದ ಕೆಲಸ. ಬಾಗಿಲಿಗೆ ಮಾಡಿಕೊಡಲಿಲ್ಲ, ಅಲ್ಲಿ ಮಾಡಿಕೊಟ್ಟೆ.

ನನಗೆ ಶಾಲೆಯ ಹೆಸರು ಗೊತ್ತಿರಲಿಲ್ಲ ಅಂದುಕೊಂಡಿರಾ ನೀವೆಲ್ಲ? ಅವಳನ್ನು ಶಾಲೆಗೆ ಸೇರಿಸಲು ಹೋದವನು ನಾನು. ನೀವು ಕಲ್ಲು ನೋಡಿ ಸುಮ್ಮನಿದ್ದಿರಿ. ಅದು ಗಿಡ್ಡಿಯ ಬರವಣಿಗೆ ಅಂತ ನಿಮಗೆಲ್ಲ ಗೊತ್ತಾಗಿದೆ, ಮಾತಾಡಲಾರದೆ ಸುಮ್ಮನಿದ್ದೀರಿ ಅಂದುಕೊಂಡಿದ್ದೆ. ನಿಮ್ಮಮ್ಮ ಅಲ್ಲಿಗೆ ಹೋದಾಗಲೆಲ್ಲ ಆ ದೀರ್ಘದ ಮೇಲೆ ಬೆರಳು ಆಡಿಸುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಇವಳಿಗೂ ಗೊತ್ತು ಅಂದುಕೊಂಡೆ. ನನ್ನ ತಪ್ಪನ್ನು ಮುಚ್ಚುತ್ತಿದ್ದಳು ಅಂತ ಈಗ ನಿನ್ನಿಂದ ತಿಳಿಯಿತು. ಇಬ್ಬರೂ ಒಂದೇ ಮನೆಯಲ್ಲಿ ಇಪ್ಪತ್ತೇಳು ವರ್ಷ ಹೀಗೆ ಕಳೆದೆವು.

ಅದರ ಬಗ್ಗೆ ಇನ್ನೇನೂ ಬರೆಯಲಾರೆ. ಏನೂ ಅನಿಸುತ್ತಿಲ್ಲ. ಇಡೀ ದಿನ ಕಲ್ಲು ಕುಟ್ಟಿದ ಮೇಲೆ ಅಂಗೈಗೆ ಬಿಸಿ ತಟ್ಟೆ ಕೊಟ್ಟರೂ ತಿಳಿಯುವುದಿಲ್ಲವಲ್ಲ, ಹಾಗಿದೆ.

ನಿನ್ನ ಚಿಕ್ಕಪ್ಪ ಇಪ್ಪತ್ತೈದರ ಬೆಳಿಗ್ಗೆ ಉಜ್ಜುವ ಯಂತ್ರ ತೆಗೆದುಕೊಂಡು ಹೋಗುತ್ತಾನೆ. ಅರ್ಧ ಬೆರಳಿನಷ್ಟು ಮುಖ ಉಜ್ಜಿದರೆ ಹೆಸರು ಪೂರ್ತಿ ಹೋಗುತ್ತದೆ. ಕಲ್ಲಿನಿಂದ ಹೋದದ್ದು ಹೋಯಿತು, ಮತ್ತೆ ಕೂಡಿಸಲು ಬರುವುದಿಲ್ಲ. ಅವಳ ಚೀಟಿ ಕಳಿಸಿ ಅಂತ ಕೇಳಬೇಡ. ಅದು ಹಳೆಯದಾಗಿ ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ. ಅಂಚೆಗೆ ಹಾಕುವುದಿಲ್ಲ. ಬೇಕಾದರೆ ಬಂದು ನೋಡು.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ದೀರ್ಘ ಅವಳದು, ಅವಳು ಬರೆದು ಕೊಟ್ಟು ಪಡೆದುಕೊಂಡದ್ದು. ಅದನ್ನು ಇನ್ನೊಬ್ಬರಿಗೆ ಕೊಡಲು ನಾನು ಯಾರು? ನಿನ್ನ ಮಗುವಿಗೆ ಅದೇ ಹೆಸರು ಇಡು, ಬೇಡ ಅನ್ನುವುದಿಲ್ಲ. ಚೌಕದಲ್ಲಿ ಗಿಡ್ಡ ಅಕ್ಷರ ಬರಿ. ಶಾಲೆಗೆ ಸೇರಿ ಅಕ್ಷರ ಕಲಿತ ಮೇಲೆ ಅವಳಿಗೆ ಹೇಗೆ ಬೇಕೋ ಹಾಗೆ ಅವಳೇ ಬರೆದುಕೊಳ್ಳಲಿ. ನೀನು ಕೂಗುವಾಗ ಹೇಗೂ ಎಳೆದೇ ಕೂಗುತ್ತೀಯ.

ಎರಡು ಚೀಟಿ ಬೇಕು. ಒಂದು, ಕಲ್ಲು ಮುಟ್ಟಬೇಡಿ ಅಂತ ಚಿಕ್ಕಪ್ಪನಿಗೆ. ಫೋನು ಮಾಡಿದರೆ ನಡೆಯುವುದಿಲ್ಲ, ಅವನು ನನಗಿಂತ ಮೊಂಡ. ಇನ್ನೊಂದು ನನಗೆ, ನಿನ್ನ ಮಗಳ ಹೆಸರು, ನಿನ್ನ ಮನೆ ಬಾಗಿಲಿಗೆ. ಆ ಒಂದೂವರೆ ಗೇಣಿನ ಕಲ್ಲು ಇನ್ನೂ ಮೇಜಿನ ಕೆಳಗೇ ಇದೆ, ನಿನ್ನೆ ಎಳೆದು ಒರೆಸಿಟ್ಟಿದ್ದೇನೆ. ಮುಂದಿನ ವಾರ ಅನ್ನುವುದಿಲ್ಲ, ಚೀಟಿ ಬಂದ ದಿನವೇ ಕೆತ್ತುತ್ತೇನೆ.

ನಿನ್ನ ಊರಿಂದ ಅಂಚೆ ಬರಲು ಮೂರು ದಿನ. ಇದು ಕೈಗೆ ಸಿಕ್ಕ ದಿನವೇ ಬರೆದು ಹಾಕು. ಎರಡು ಚೀಟಿಯೂ ನಿನ್ನ ಕೈಬರಹದಲ್ಲಿ ಇಪ್ಪತ್ತನಾಲ್ಕರ ಒಳಗೆ ಇಲ್ಲಿರಬೇಕು.

ಅಪ್ಪ